ಲೋಟಸ್ 79ಕ್ಕೆ ಯಾವ ಡೆಕಾಲ್: ಕಿಟ್‌ನೊಳಗಿನದೋ, ಬೇರೆ ಕೊಂಡದ್ದೋ?

ಮಾರಿಯೋ ಆಂಡ್ರೆಟ್ಟಿ 1978ರಲ್ಲಿ ವಿಶ್ವ ಚಾಂಪಿಯನ್ ಆದಾಗ ಓಡಿಸಿದ ಫಾರ್ಮುಲಾ ಒನ್ ಕಾರು ಲೋಟಸ್ 79ರ ಪ್ಲಾಸ್ಟಿಕ್ ಮಾದರಿಯನ್ನು ಕಿಟ್‌ನಿಂದ (ಬಿಡಿಭಾಗಗಳ ಪೆಟ್ಟಿಗೆಯಿಂದ) 1/20 ಅಳತೆಯಲ್ಲಿ ಕಟ್ಟುವವರು, ಪೆಟ್ಟಿಗೆಯೊಳಗಿನ ಡೆಕಾಲ್ (ತೆಳು ಪೊರೆಯ ಮೇಲೆ ಮುದ್ರಿಸಿದ, ನೀರಲ್ಲಿ ನೆನೆಸಿ ಮೈಗೆ ಅಂಟಿಸುವ ಗೆರೆ, ಹೆಸರುಗಳು) ಹಾಳೆಯನ್ನು ಬದಿಗಿಟ್ಟು, ಪ್ರತ್ಯೇಕವಾಗಿ ಮಾರುವ ತೆಳು ಹಾಳೆಯನ್ನು ತರಿಸಿಕೊಳ್ಳುವುದೇ ಲೇಸು ಎಂಬುದು ಎರಡನ್ನೂ ಅಂಟಿಸಿ ನೋಡಿದ ಮೇಲೆ ನಾನು ತಳೆದಿರುವ ಅಭಿಪ್ರಾಯ. ಪೆಟ್ಟಿಗೆಯ ಮೇಲೆಯೇ ಒಳ್ಳೆಯ ಡೆಕಾಲ್‌ಗಳಿಗೆ ಹೆಸರಾದ ಇಟಲಿಯ ಕಾರ್ಟೋಗ್ರಾಫ್ ಸಂಸ್ಥೆಯ ಮುದ್ರಣವೆಂದು ನಮೂದಿಸಿರುವ ಕಿಟ್‌ಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಬಣ್ಣದ ಗಾಢತೆಯಲ್ಲಿ ಎರಡಕ್ಕೂ ಹೆಚ್ಚಿನ ಅಂತರವಿಲ್ಲ. ನನ್ನ ಕಿಟ್‌ನ ಹಾಳೆಯಲ್ಲಿ ಸಿಗರೇಟು ಪ್ರಾಯೋಜಕರ ಹೆಸರಿರಲಿಲ್ಲ, ಕೊಂಡ ಹಾಳೆಯಲ್ಲಿತ್ತು.

ನಿಜವಾದ ತೊಡಕಿರುವುದು ಅಂಚಿನಲ್ಲಿ. ಈ ಕಾರಿನ ಮೈ ಪೂರ್ತಿ ಕಪ್ಪು. ಅದರ ಮೇಲೆ ಉದ್ದುದ್ದ ಚಿನ್ನದ ಗೆರೆಗಳು. ಮೇಲ್ಮೈ ತುಸು ಒರಟಾಗಿದ್ದರೂ ಡೆಕಾಲ್‌ನ ಪಾರದರ್ಶಕ ಪೊರೆಯ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಮಿನುಗುವುದರಿಂದ, ಮೊದಲು ಹೊಳಪಿನ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆಯುವುದು ಎಲ್ಲರೂ ಬಲ್ಲ ಕ್ರಮ. ಆದರೆ ಕೋಟ್ ಹೊಡೆದ ಮೇಲೂ ಕಿಟ್‌ನ ದಪ್ಪ ಪೊರೆ ಬಾಗಿದ ಜಾಗಗಳಲ್ಲಿ ಕೂರಲಿಲ್ಲ. ಅಡಿಗೆ ಮೈಕ್ರೋ ಸೆಟ್ (ಡೆಕಾಲ್ ಹಿಡಿಯಲು ನೆರವಾಗುವ ದ್ರವ) ಸವರಿ, ಮೇಲೆ ಮೈಕ್ರೋ ಸಾಲ್ (ಅದನ್ನು ಮೆದುಗೊಳಿಸುವ ದ್ರವ) ಹಚ್ಚಿದಾಗ ಡೆಕಾಲ್ ಸುಕ್ಕುಗಟ್ಟುವುದು ಸಹಜ. ಒಣಗುತ್ತ ಅದು ತಾನಾಗಿಯೇ ಸಪಾಟಾಗಿ ಮೈಗಂಟಬೇಕು. ತೀರ್ಥಹಳ್ಳಿಯ ಕಡೆಯ ಆಷಾಢದ ಮಳೆಯಲ್ಲಿ ಈ ಒಣಗುವಿಕೆಯೇ ಮುಂದೆ ಸಾಗುವುದಿಲ್ಲ. ತೇವ ಹಾಗೆಯೇ ನಿಂತು, ದಪ್ಪ ಪೊರೆಯ ಸುಕ್ಕು ಸುಕ್ಕಾಗಿಯೇ ಉಳಿಯಿತು; ತೆಳು ಹಾಳೆಯದಾದರೋ ಬಲ್ಬ್ ಉರಿಸಿದ ಮುಚ್ಚಿದ ಡಬ್ಬಿಯೊಳಗೆ ರಾತ್ರಿ ಇಟ್ಟಿದ್ದಕ್ಕೆ ಬೆಳಗಾಗುವಷ್ಟರಲ್ಲಿ ಬಣ್ಣ ಬಳಿದಂತೆ ಕೂತಿತ್ತು. (ಒಲೆಯ ಮೇಲಿನ ಅಟ್ಟದಲ್ಲಿಯೂ ಒಣಗುತ್ತದೆ, ಆದರೆ ಮಸಿ ಅಂಟುತ್ತದೆ.) ಕಡೆಯ ಕ್ಲಿಯರ್ ಕೋಟ್ ಲ್ಯಾಕರ್ (ಬೇಗ ಆರುವ ದ್ರಾವಕದ ಲೇಪ) ಆಗಿದ್ದರೆ ಮಳೆ ಹಿಡಿದ ದಿನ ಹೊಡೆಯಲೇಬಾರದು, ಗಾಳಿಯ ತೇವಕ್ಕೆ ಅದು ಹಾಲಿನಂತೆ ಬೆಳ್ಳಗೆ ಮಬ್ಬಾಗುತ್ತದೆ.

ತೆಳು ಹಾಳೆಗೂ ಒಂದು ಕೆಟ್ಟ ಗುಣವಿದೆ: ಉದ್ದದ ಗೆರೆಗಳು ನೀರಿನಿಂದೆತ್ತುವಾಗ ತಮ್ಮ ಮೇಲೆಯೇ ಮಡಚಿಕೊಳ್ಳುತ್ತವೆ. ಗೆರೆಯನ್ನು ಬಾಡಿಯ ಕೂಡುಗೆರೆ ಬರುವಲ್ಲಿ ಕತ್ತರಿಸಿ, ತುಂಡುತುಂಡಾಗಿ ಅಂಟಿಸಿದರೆ ತೊಂದರೆ ಕಡಿಮೆ. ದಪ್ಪ ಹಾಳೆ ಈ ವಿಷಯದಲ್ಲಿ ಸಾಧು.

ಬೆಂಗಳೂರಿನಿಂದ ಕೊರಿಯರ್‌ನಲ್ಲಿ ತರಿಸುವಾಗ ಹಾಳೆಯ ಖರ್ಚು ಕಿಟ್‌ನ ಬೆಲೆಗೆ ಹೋಲಿಸಿದರೆ ಹಗುರವೇನಲ್ಲ. ಅಡಿಕೆ ಕೊಯ್ಲು, ಸುಲಿತಗಳ ಕಾಲದಲ್ಲಿ ಬ್ರಷ್ ಮುಟ್ಟಲು ಪುರುಸೊತ್ತಿಲ್ಲದ ನನ್ನಂಥವರು ಮಳೆಗಾಲದಲ್ಲಿ ಕಟ್ಟುವುದೇ ಒಂದು ಕಾರು; ಅದಕ್ಕಾದರೆ ಈ ಖರ್ಚು ಸಹ್ಯ. ತಿಂಗಳಿಗೊಂದು ಕಟ್ಟುವವರಿಗೆ ನಾನು ಹೀಗೆ ಹೇಳಲಾರೆ. ವಿಲಿಯಮ್ಸ್ ತಂಡದ ಎಫ್‌ಡಬ್ಲ್ಯೂ07ರಂತೆ ಬಿಳಿ ಬಣ್ಣವೇ ಹೆಚ್ಚಿರುವ ಕಾರಿನ ಮೇಲೆ ಪೊರೆಯ ಅಂಚು ಅಷ್ಟಾಗಿ ಕಾಣದಾದ್ದರಿಂದ, ಮುಂದಿನ ವರ್ಷ ಅದನ್ನು ಕಟ್ಟುವಾಗ ಕಿಟ್‌ನ ಹಾಳೆಯನ್ನೇ ಬಳಸಿ, ಉಳಿದ ಹಣಕ್ಕೆ ಇನ್ನೊಂದು ಮೈಕ್ರೋ ಸಾಲ್ ಬಾಟಲಿ ತರಿಸುವವನಿದ್ದೇನೆ.