ಮಧುಗಿರಿ ಬೆಟ್ಟಕ್ಕೆ ದುಡ್ಡು ಕಟ್ಟುವ ಮುಂಚೆ, ಎಷ್ಟು ಗಂಟೆಗೆ ಹತ್ತಿಸ್ತೀರಿ ಅಂತ ಕೇಳಿ

ಶಿವರಾತ್ರಿ ಕಳೆದ ಮೇಲಿನ ಭಾನುವಾರ, ಮಧುಗಿರಿ ಬೆಟ್ಟದ ಬರೀ ಬಂಡೆಯ ಮೇಲೆ ನನ್ನ 11 ವರ್ಷದ ಮಗಳು ಮುದುರಿ ಕೂತು, "ಅಮ್ಮಾ, ನನ್ಗೆ ಇಳಿಯೋಕೆ ಆಗಲ್ಲ" ಅಂತ ಅತ್ತಳು. ಮಧ್ಯಾಹ್ನ ಹನ್ನೆರಡೂವರೆ. ಬಾಟಲಿಗಳೆಲ್ಲ ಖಾಲಿ. ಗೈಡ್ ಅಂತ ಬಂದವನು ಎಲ್ಲೂ ಕಾಣುತ್ತಿರಲಿಲ್ಲ. ಮಗಳು ಈಗ ಚೆನ್ನಾಗಿದ್ದಾಳೆ. ಆದರೆ ಬೇಸಿಗೆ ರಜೆ ಹತ್ತಿರ ಬಂತು, ಇಂಥದೇ ಪ್ಯಾಕೇಜಿನ ಜಾಹೀರಾತು ದಿನಾ ಫೋನಿನಲ್ಲಿ ಕಾಣುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ತುಮಕೂರಿನವರು. ಮಧುಗಿರಿ ಇಲ್ಲಿಂದ 43 ಕಿಲೋಮೀಟರ್ ಅಷ್ಟೇ. ದಂಡಿನ ಮಾರಮ್ಮನ ಗುಡಿಗೆ, ನೆಂಟರ ಮದುವೆಗೆ ಅಂತ ಎಷ್ಟೋ ಸಲ ಹೋಗಿದ್ದೇವೆ. ಬೆಟ್ಟ ಮಾತ್ರ ಹತ್ತಿರಲಿಲ್ಲ. ಹುಬ್ಬಳ್ಳಿಯಿಂದ ತಮ್ಮ ಮತ್ತು ಅವನ ಹೆಂಡತಿ ಬಂದಿದ್ದರು. ಎರಡು ದಿನ ಮಧುಗಿರಿಯಲ್ಲೇ ಉಳಿದು ಸುತ್ತಮುತ್ತ ನೋಡೋಣ ಅಂದುಕೊಂಡೆವು. ಒಳ್ಳೆ ಯೋಚನೆಯೇ. ಆ ಊರಲ್ಲಿ ಉಳಿದರೆ ಒಂದು ಕಡೆ ಚನ್ನರಾಯನದುರ್ಗ, ಸಿದ್ಧರಬೆಟ್ಟ, ಇನ್ನೊಂದು ಕಡೆ ಮಿಡಿಗೇಶಿ ಕೋಟೆ, ಮೈದನಹಳ್ಳಿಯ ಕೃಷ್ಣಮೃಗಗಳು, ಎಲ್ಲವೂ ಹತ್ತಿರ.

ಅಷ್ಟರಲ್ಲಿ ತಮ್ಮನಿಗೆ ಒಂದು ಪ್ಯಾಕೇಜ್ ಕಣ್ಣಿಗೆ ಬಿತ್ತು. "ಬೆಟ್ಟದ ಬುಡದಲ್ಲೇ ಹೋಂಸ್ಟೇ, ಮೂರು ಜಾಗ, ಅನುಭವಿ ಗೈಡ್." ಒಬ್ಬರಿಗೆ 2,600 ರೂಪಾಯಿ. ಐದು ಜನಕ್ಕೆ 13,000. ಪೂರ್ತಿ ದುಡ್ಡು ಮೊದಲೇ ಹಾಕಿ ಅಂದರು, ಹಾಕಿದೆವು. ಯಾರು ಅಂತ ಹೆಸರು ಇಲ್ಲಿ ಬರೆಯುವುದಿಲ್ಲ. ಇವರೊಬ್ಬರೇ ಹೀಗೆ ಮಾಡುವುದಲ್ಲ ಅಂತ ಆಮೇಲೆ ಬೇರೆಯವರನ್ನು ಕೇಳಿದಾಗ ಗೊತ್ತಾಯಿತು.

ಬೆಟ್ಟದ ಬುಡ ಅಂದಿದ್ದ ಮನೆ ಊರಿಂದ ಇಪ್ಪತ್ತು ಕಿಲೋಮೀಟರ್ ದೂರ, ಕೊರಟಗೆರೆ ಕಡೆ ಒಂದು ತೋಟದಲ್ಲಿತ್ತು. ಮನೆ ಕೆಟ್ಟದಾಗಿರಲಿಲ್ಲ, ಊಟವೂ ಪರವಾಗಿಲ್ಲ. ಆದರೆ ಬೆಳಿಗ್ಗೆ ಆರು ಗಂಟೆಗೇ ಬೆಟ್ಟದ ಬಾಗಿಲಲ್ಲಿ ಇರಬೇಕಾದವರು ಇಪ್ಪತ್ತು ಕಿಲೋಮೀಟರ್ ದೂರ ಮಲಗಿದ್ದೆವು. ಬೆಳಿಗ್ಗೆ ಐದೂವರೆಗೇ ನಾವು ತಯಾರಾಗಿ ನಿಂತೆವು. ಗಾಡಿ ಬರಲಿಲ್ಲ. ಬೆಂಗಳೂರಿಂದ ಇನ್ನೊಂದು ಗುಂಪು ಬರಬೇಕು, ಒಟ್ಟಿಗೇ ಕರೆದುಕೊಂಡು ಹೋಗ್ತೀವಿ ಅಂದರು. ಆ ಹನ್ನೆರಡು ಹುಡುಗರು ಬಂದು, ತಿಂಡಿ ತಿಂದು, ಟೆಂಪೋ ಟ್ರಾವೆಲರ್ ಹೊರಟಾಗ ಹತ್ತು ಗಂಟೆ. ಹತ್ತಲು ಶುರು ಮಾಡಿದ್ದು ಹತ್ತೂ ಮುಕ್ಕಾಲಿಗೆ.

ಕೋಟೆ ಬಾಗಿಲ ಹತ್ತಿರ ಊರಿನ ಮೂರು ಜನ ಹಿರಿಯರು ಬೆಟ್ಟ ಇಳಿದು ಬಂದು ನೆರಳಲ್ಲಿ ಕೂತಿದ್ದರು. ಅವರಲ್ಲೊಬ್ಬರು ಮಗಳನ್ನು ನೋಡಿ, "ಈಗ ಹತ್ತೀರೇನಮ್ಮಾ? ಬ್ಯಾಡ. ಬಂಡೆ ಕಾಯ್ತಾ ಐತೆ, ನಾಳೆ ಬೆಳಿಗ್ಗೆ ಬನ್ನಿ" ಅಂದರು. ನಮ್ಮ ಗೈಡ್ ನಕ್ಕು, "ಏನೂ ಆಗಲ್ಲ ಆಂಟಿ, ಎರಡು ಗಂಟೆ ಕೆಲಸ" ಅಂದ. ಇಪ್ಪತ್ತು ವರ್ಷದ ಹುಡುಗ. ಈ ಬೆಟ್ಟ ಎಷ್ಟು ಸಲ ಹತ್ತಿದ್ದೀಯಪ್ಪ ಅಂತ ನಾವು ಕೇಳಲಿಲ್ಲ. ದುಡ್ಡು ಕೊಟ್ಟಾಗಿದೆ, ಬಂದಾಗಿದೆ ಅಂತ ಅವನ ಹಿಂದೆ ಹೊರಟೆವು. ಆ ಹಿರಿಯರ ಮಾತು ಕೇಳಿ ಅಲ್ಲೇ ಕೂತಿದ್ದರೆ ಈ ಬರಹವೇ ಬೇಕಿರಲಿಲ್ಲ.

ಮಧುಗಿರಿ ಬೆಟ್ಟ ಬೇರೆ ಬೆಟ್ಟದ ಹಾಗಲ್ಲ. ಇಡೀ ಬೆಟ್ಟವೇ ಒಂದು ಬಂಡೆ. ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು ಅಂತ ಹೆಸರು. ತುದಿ ಸಮುದ್ರಮಟ್ಟದಿಂದ 3,930 ಅಡಿ ಎತ್ತರದಲ್ಲಿದೆ. ಪಾಳೇಗಾರರು ಕಟ್ಟಿದ್ದ ಕೋಟೆ, ಆಮೇಲೆ ಮೈಸೂರಿನವರ ಕೈಗೆ ಬಂತು, ಹೈದರಾಲಿ ಕಾಲದಲ್ಲಿ ಇನ್ನಷ್ಟು ಗಟ್ಟಿಯಾಯಿತು. ಶತ್ರು ಹತ್ತಬಾರದು ಅಂತಲೇ ಅಲ್ವಾ ಅಂಥ ಜಾಗದಲ್ಲಿ ಕಟ್ಟಿದ್ದು. ಕೆಳಗೆ ಒಳ್ಳೆ ಮೆಟ್ಟಿಲುಗಳಿವೆ, ಬಾಗಿಲುಗಳಿವೆ, ಆ ಬಾಗಿಲುಗಳ ನೆರಳಿದೆ. ಮೇಲೆ ಹೋಗ್ತಾ ಹೋಗ್ತಾ ಮೆಟ್ಟಿಲು ಹೋಗಿ ಬಂಡೆಯಲ್ಲಿ ಕೊರೆದ ಗುಳಿಗಳು ಬರುತ್ತವೆ. ಪಕ್ಕದಲ್ಲಿ ಹಿಡಿಯಲು ಕಬ್ಬಿಣದ ಕಂಬಿ ಇರುತ್ತದೆ. ಒಂದು ಕಡೆ ಕಂಬಿಯೂ ಮುಗಿಯುತ್ತದೆ. ಅಲ್ಲಿಂದ ಮುಂದೆ ಮರ ಇಲ್ಲ, ನೆರಳಿಲ್ಲ.

ನಾವು ಮೋಸ ಹೋಗಿದ್ದು ಅಲ್ಲೇ. ಹತ್ತುವಾಗ ಕಣ್ಣು ಬಂಡೆಯ ಮೇಲಿರುತ್ತದೆ, ಕೈ ಊರಿಕೊಂಡು ಹೋಗಿಬಿಡುತ್ತೇವೆ. ಭಯ ಆಗುವುದಿಲ್ಲ. ಮಗಳು ನನಗಿಂತ ಮುಂದೆ ಸರಸರ ಹತ್ತಿದಳು. ಸ್ವಲ್ಪ ಮೇಲೆ ಹೋಗಿ ನೀರು ಮುಗಿಯಿತು, ಇನ್ನು ಇಳಿಯೋಣ ಅಂತ ತಿರುಗಿ ನೋಡಿದರೆ ಬಂಡೆ ಜಾರುಬಂಡಿಯ ಹಾಗೆ ಕಾಣುತ್ತಿತ್ತು. ಗುಳಿಗಳು ಮೇಲಿನಿಂದ ಕಾಣುವುದೇ ಇಲ್ಲ. ಒಂದೊಂದರಲ್ಲಿ ನನ್ನ ಅರ್ಧ ಪಾದ ಮಾತ್ರ ಹಿಡಿಯುತ್ತಿತ್ತು. ದೂರದಲ್ಲಿ ಮಧುಗಿರಿ ಬಸ್‌ಸ್ಟ್ಯಾಂಡ್ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಮಗಳು ಒಂದು ಸಲ ಕೆಳಗೆ ನೋಡಿದವಳು ಅಲ್ಲೇ ಕೂತುಬಿಟ್ಟಳು.

ಬಂಡೆಯ ಬಿಸಿ ಹೇಗಿತ್ತು ಅಂದರೆ, ಅಂಗೈ ಊರಿದರೆ ಕಾದ ಕಾವಲಿ ಮುಟ್ಟಿದ ಹಾಗೆ ಚುರ್ ಅನ್ನುತ್ತಿತ್ತು. ಕೈ ಊರದೆ ಕೂರಲು ಆಗುವುದಿಲ್ಲ. ಊರಿದರೆ ಇಟ್ಟುಕೊಳ್ಳಲು ಆಗುವುದಿಲ್ಲ. ನನ್ನ ಗಂಡನ ಹಳೆ ಶೂನ ಅಟ್ಟೆ ಆ ಕಾವಿಗೆ ಅಂಟು ಬಿಟ್ಟು ಮುಂದಿನಿಂದ ಬಾಯಿ ತೆರೆದುಕೊಂಡಿತು. ಅವರು ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಪಾದಕ್ಕೂ ಶೂಗೂ ಸೇರಿಸಿ ಬಿಗಿದರು. ಮಗಳ ಮುಖ ಕೆಂಪಾಗಿತ್ತು. ತಲೆನೋವು ಅಂದಳು, ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಂಡಳು. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಗೈಡಿಗೆ ಫೋನ್ ಮಾಡಿದರೆ ರಿಂಗ್ ಆಯಿತು, ಎತ್ತಲಿಲ್ಲ. ಅವನು ಆ ಹನ್ನೆರಡು ಹುಡುಗರ ಜೊತೆ ಮೇಲೆ ಗೋಪಾಲಕೃಷ್ಣನ ಪಾಳು ಗುಡಿ ಹತ್ತಿರ ಹೋಗಿಬಿಟ್ಟಿದ್ದ.

ನಮ್ಮನ್ನು ಇಳಿಸಿದವರು ಕೆಳಗೆ ಕುರಿ ಬಿಟ್ಟಿದ್ದ ಒಬ್ಬ ಅಣ್ಣ. ನಮ್ಮ ಕೂಗು ಕೇಳಿ ಬರಿಗಾಲಲ್ಲಿ ಹತ್ತಿ ಬಂದರು, ಹೆಗಲ ಮೇಲೆ ಒಂದು ನೀರಿನ ಕ್ಯಾನು. ಮೊದಲು ಮಗಳ ತಲೆ, ಕತ್ತು ಒದ್ದೆ ಮಾಡಿದರು. ಗುಟುಕು ಗುಟುಕಾಗಿ ಕುಡಿಸಿದರು. ಆಮೇಲೆ, "ನಿಂತ್ಕಬ್ಯಾಡ ಮಗಾ, ಕೂತ್ಕಂಡೇ ಬಾ. ಊರು ನೋಡಬ್ಯಾಡ, ನನ್ನ ಕೈ ನೋಡು" ಅಂದರು. ಅವಳಿಗಿಂತ ಒಂದು ಗುಳಿ ಕೆಳಗೆ ಕೂತು, ಅವಳ ಹಿಮ್ಮಡಿಯನ್ನು ಒಂದೊಂದೇ ಗುಳಿಗೆ ಹಿಡಿದು ಇಟ್ಟರು. ನನ್ನ ದುಪಟ್ಟಾ ಹರಿದು ಅವಳ ಎರಡೂ ಕೈಗೆ ಸುತ್ತಿದೆವು. ಕಂಬಿ ಇರುವ ಜಾಗಕ್ಕೆ ಬರಲು ಒಂದು ಗಂಟೆ ಹಿಡಿಯಿತು. ಹತ್ತುವಾಗ ಅದೇ ಜಾಗ ಹತ್ತು ನಿಮಿಷದ್ದು.

ಇಳಿಯುವಾಗ ಮೇಲಿನಿಂದ ಆ ಹುಡುಗರ ಸ್ಪೀಕರ್ ಹಾಡು ಜೋರಾಗಿ ಕೇಳುತ್ತಿತ್ತು. ಅಣ್ಣ ಗಾಬರಿಯಾಗಿ, ಬಂಡೆಯ ಕೆಳಸೆರೆಯಲ್ಲಿ ಜೋತುಬಿದ್ದ ಕಪ್ಪು ತಟ್ಟಿಗಳನ್ನು ತೋರಿಸಿದರು. ಹೆಜ್ಜೇನು. ಊರಿನ ಹೆಸರಲ್ಲೇ ಮಧು ಇದೆ, ಸುಮ್ನೆ ಬಂದ ಹೆಸರಲ್ಲ. ಅವು ಎದ್ದರೆ ಆ ಬಂಡೆಯ ಮೇಲೆ ಓಡಲು ಜಾಗವೇ ಇಲ್ಲ. ಅವತ್ತು ಏಳಲಿಲ್ಲ, ದೇವರ ದಯೆ. ಆ ಬೆಟ್ಟದಲ್ಲಿ ಸಿಗರೇಟು, ಹೊಗೆ, ಜಾಸ್ತಿ ಸೆಂಟು, ಕಲ್ಲು ಎಸೆಯುವುದು, ಯಾವುದೂ ಬೇಡ.

ಕೆಳಗೆ ಬಂದು ಸೀದಾ ಆಸ್ಪತ್ರೆಗೆ ಹೋದೆವು. ಡ್ರಿಪ್ ಹಾಕಿದರು, ಅಂಗೈಯ ಬೊಬ್ಬೆಗೆ ಮುಲಾಮು ಕೊಟ್ಟರು. ಬಿಸಿಲಲ್ಲಿ ಇನ್ನೊಂದು ಗಂಟೆ ಇದ್ದಿದ್ದರೆ ಕಷ್ಟ ಇತ್ತು ಅಂದರು ಡಾಕ್ಟರು. ಬಿಸಿಲಿಗೆ ಸಿಕ್ಕವರು ಅರ್ಥವಿಲ್ಲದೆ ಮಾತಾಡಲು ಶುರು ಮಾಡಿದರೆ, ಎಚ್ಚರ ತಪ್ಪಿದರೆ, ಬಾಯಿಗೆ ನೀರು ಹಾಕಬಾರದಂತೆ. ನೆರಳಿಗೆ ತಂದು, ಮೈ ಒದ್ದೆ ಮಾಡಿ, ಗಾಳಿ ಹಾಕುತ್ತಾ 108ಕ್ಕೆ ಫೋನ್ ಮಾಡಬೇಕು.

ಪ್ಯಾಕೇಜಿನವರಿಗೆ ಫೋನ್ ಮಾಡಿದೆ. "ಮೇಡಂ, ಟ್ರೆಕ್ಕಿಂಗ್ ಅಂದ್ಮೇಲೆ ಇದೆಲ್ಲ ಇದ್ದಿದ್ದೇ" ಅಂದರು. ಹಿಂದಿನ ರಾತ್ರಿ ಊಟದ ಹೊತ್ತಲ್ಲಿ ಒಂದು ಹಾಳೆಗೆ ಸಹಿ ಹಾಕಿಸಿಕೊಂಡಿದ್ದರು. ಏನೇ ಆದರೂ ನಮ್ಮದೇ ಹೊಣೆ ಅಂತ ಅದರಲ್ಲಿ ಇತ್ತಂತೆ. ಉಳಿದ ಎರಡು ಜಾಗಕ್ಕೆ ನಾವು ಹೋಗಲಿಲ್ಲ. ಆ ದುಡ್ಡೂ ವಾಪಸ್ ಬರಲಿಲ್ಲ.

ಬೆಟ್ಟದ ಮೇಲೆ ನನಗೆ ಕೋಪ ಇಲ್ಲ. ಬೆಳಿಗ್ಗೆ ಹೊತ್ತಿಗೆ ಹೋಗಿ ಬಂದವರಿಗೆ ಅದು ಸ್ವರ್ಗವೇ. ಆದರೆ ಹೋಗುವವರು ಮಧುಗಿರಿ ಊರೊಳಗೇ ಉಳಿಯಿರಿ, ರೂಮು ಸಾಧಾರಣ ಇದ್ದರೂ ಪರವಾಗಿಲ್ಲ, ಬೆಟ್ಟಕ್ಕೆ ನಡೆದು ಹೋಗುವಷ್ಟು ಹತ್ತಿರ ಇರಲಿ. ಹೋಂಸ್ಟೇ ಆದರೆ ದುಡ್ಡು ಹಾಕುವ ಮುಂಚೆ ಲೊಕೇಶನ್ ತರಿಸಿಕೊಳ್ಳಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯಾ ಕೇಳಿ. ಬೆಳಕು ಹರಿಯುತ್ತಿದ್ದ ಹಾಗೆ ಹತ್ತಿ, ಒಂಬತ್ತೂವರೆ ಒಳಗೆ ಕೆಳಗಿರಿ. ಒಬ್ಬೊಬ್ಬರಿಗೂ ಕನಿಷ್ಠ ಎರಡು ಲೀಟರ್ ನೀರು ಬೇಕು. ಮಳೆ ಬಂದಿದ್ದರೆ ಆ ದಿನ ಬಿಟ್ಟುಬಿಡಿ, ಪಾಚಿ ಕಟ್ಟಿದ ಬಂಡೆ ಬಿಸಿಲಿಗಿಂತ ಕೆಟ್ಟದ್ದು. ಮುಖ್ಯವಾಗಿ, ಕಂಬಿ ಮುಗಿಯುವ ಜಾಗದಲ್ಲಿ ನಿಂತು ನಾಲ್ಕು ಹೆಜ್ಜೆ ಮೇಲೆ ಹೋಗಿ, ಅದೇ ನಾಲ್ಕು ಹೆಜ್ಜೆ ಇಳಿದು ನೋಡಿ. ಕಾಲು ನಡುಗಿದರೆ ಅಲ್ಲಿಂದಲೇ ವಾಪಸ್. ಮಕ್ಕಳಿದ್ದರೆ ಮೊದಲು ಮಕ್ಕಳ ಕೈಲಿ ಇಳಿಸಿ ನೋಡಿ. ಅಲ್ಲಿವರೆಗೆ ಕಾಣುವ ಕೋಟೆಯೇ ಸಾಕಷ್ಟಿದೆ. ಮೈದನಹಳ್ಳಿಗೆ ಸಂಜೆ ಬಿಸಿಲು ಇಳಿದ ಮೇಲೆ ಹೋದರಾಯಿತು, ಚನ್ನರಾಯನದುರ್ಗವನ್ನು ಮಾರನೇ ದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ. ಈ ವಾರ ಇಂಥ ಪ್ಯಾಕೇಜಿನಲ್ಲಿ ಹೊರಟವರು ಯಾರಾದರೂ ಇದ್ದರೆ, ದಯವಿಟ್ಟು ಇವತ್ತೇ ಪ್ಯಾಕೇಜಿನವರಿಗೆ ಫೋನ್ ಮಾಡಿ, ಎಷ್ಟು ಗಂಟೆಗೆ ಹತ್ತಿಸ್ತೀರಿ, ಎಷ್ಟು ಗಂಟೆಗೆ ಇಳಿಸ್ತೀರಿ ಅಂತ ಕೇಳಿ, ಉತ್ತರವನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ.