ಎಚ್. ಪೈಲೋರಿ ಪರೀಕ್ಷೆ, ಎರಡು ಸಲ: ಕಾಸರಗೋಡಿನ ಒಂದು ಎಂಡೋಸ್ಕೋಪಿ ಕೇಂದ್ರದ ಅನುಭವ

ಕಾಸರಗೋಡು ಪೇಟೆಯ ಒಂದು ಖಾಸಗಿ ಎಂಡೋಸ್ಕೋಪಿ ಕೇಂದ್ರದಲ್ಲಿ ನಾನು ಐದು ತಿಂಗಳ ಅಂತರದಲ್ಲಿ ಎರಡು ಸಲ, ಬಾಯಿಯಿಂದ ಕ್ಯಾಮೆರಾದ ನಳಿಕೆ ಇಳಿಸಿ ನೋಡುವ ಹೊಟ್ಟೆಯ ಪರೀಕ್ಷೆ ಮಾಡಿಸಿಕೊಂಡೆ. ಎರಡು ಸಲವೂ ಅದೇ ವೈದ್ಯರು, ಅದೇ ಉಪಕರಣ, ಅದೇ ಬಗೆಯ ಕಿಟ್. ಆದರೆ ಮೊದಲ ವರದಿ ಹೊಟ್ಟೆಯಲ್ಲಿ ಉರಿಯೂತ, ಹುಣ್ಣು ತರುವ ಎಚ್. ಪೈಲೋರಿ ಬ್ಯಾಕ್ಟೀರಿಯಾ ಇಲ್ಲವೆಂದಿತು, ಎರಡನೆಯದು ಇದೆಯೆಂದಿತು. ನಡುವಿನ ಐದು ತಿಂಗಳಲ್ಲಿ ಅದು ಹೊಸದಾಗಿ ಬಂದು ಸೇರಿಕೊಂಡಿತೆಂದು ನಾನು ನಂಬುವುದಿಲ್ಲ, ಎರಡನೆಯ ಸಲದ ಹೊತ್ತಿಗೆ ವೈದ್ಯರೂ ನಂಬಲಿಲ್ಲ. ಪರೀಕ್ಷೆ ಒಳ್ಳೆಯದು, ವೈದ್ಯರ ಕೈ ಇನ್ನೂ ಒಳ್ಳೆಯದು. ಕೆಟ್ಟದ್ದು ರೋಗಿಯ ಕೈಗೆ ಕೊಡುವ ಒಂದು ಚೀಟಿ. ಇಂಥ ಚೀಟಿ ಆ ಒಂದು ಕೇಂದ್ರದಲ್ಲಿ ಮಾತ್ರ ಇದೆಯೆಂದು ನನಗೆ ಅನಿಸದ ಕಾರಣ ಹೆಸರು ಬರೆಯುತ್ತಿಲ್ಲ.

ನನ್ನದು ಬದಿಯಡ್ಕದಿಂದ ಸ್ವಲ್ಪ ಒಳಗೆ ಅಡಿಕೆ ತೋಟ. ಬೆಳಗಿನ ಗಂಜಿ ಮತ್ತು ಮಿಡಿ ಉಪ್ಪಿನಕಾಯಿ ಬಾಲ್ಯದಿಂದ ನಡೆದು ಬಂದ ಕ್ರಮ. ಕಳೆದ ಮಳೆಗಾಲದಲ್ಲಿ ಎದೆಗೂಡಿನ ಕೆಳಗೆ ಉರಿ ಶುರುವಾದಾಗ ಮನೆಮಂದಿಯೆಲ್ಲ ಉಪ್ಪಿನಕಾಯಿಯನ್ನೇ ದೂರಿದರು, ನಾನು ಅದನ್ನು ಬಿಟ್ಟೆ, ಉರಿ ನನ್ನನ್ನು ಬಿಡಲಿಲ್ಲ. ಮದ್ದಿನ ಅಂಗಡಿಯಲ್ಲಿ ಕೇಳಿ ತಂದ ಪ್ಯಾಂಟೊಪ್ರಝೋಲ್ ಮಾತ್ರೆಯನ್ನು ದಿನವೂ ಖಾಲಿ ಹೊಟ್ಟೆಗೆ ನುಂಗತೊಡಗಿದೆ. ನಮ್ಮೂರಿನಲ್ಲಿ ಇದಕ್ಕೆ ಗ್ಯಾಸ್ ಮಾತ್ರೆ ಎನ್ನುತ್ತಾರೆ ಮತ್ತು ಇದನ್ನು ಯಾರೂ ಮದ್ದಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಈ ಕೊನೆಯ ಮಾತು ಮುಂದೆ ಮುಖ್ಯವಾಗುತ್ತದೆ.

ಮೊದಲ ಸಲ ಹೋದಾಗ ಸ್ವಾಗತದ ಮೇಜಿನಲ್ಲಿ ಕೊಟ್ಟ ಸೂಚನೆಯ ಚೀಟಿಯಲ್ಲಿ ಒಂದು ಮಗ್ಗುಲು ಮಲಯಾಳವಿತ್ತು, ಇನ್ನೊಂದು ಮಗ್ಗುಲು ಇಂಗ್ಲಿಷ್ ಇತ್ತು. ಮಲಯಾಳ ಮಾತಾಡಲು ನನಗೆ ಯಾವ ತೊಡಕೂ ಇಲ್ಲ, ಸಂತೆಯಲ್ಲಿ, ಬಸ್ಸಿನಲ್ಲಿ, ಪಂಚಾಯತಿನಲ್ಲಿ ಅದೇ ನಡೆಯುತ್ತದೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಆ ಲಿಪಿಯ ಸಣ್ಣಕ್ಷರದ ವೈದ್ಯಕೀಯ ಸೂಚನೆಯನ್ನು ಓದುವುದೆಂದರೆ ಕತ್ತಲೆಯಲ್ಲಿ ಚಪ್ಪಲಿ ಹುಡುಕಿದ ಹಾಗೆ. ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದು ಎಂಬುದನ್ನು ಹುಡುಗಿ ಬಾಯಲ್ಲೇ ಹೇಳಿದಳು. ಮಾತ್ರೆಯ ವಿಷಯವನ್ನು ಯಾರೂ ಹೇಳಲಿಲ್ಲ, ನನ್ನನ್ನು ಯಾರೂ ಕೇಳಲೂ ಇಲ್ಲ. ಪರೀಕ್ಷೆಯ ಹಿಂದಿನ ದಿನದವರೆಗೂ ನಾನು ಮಾತ್ರೆ ನುಂಗಿದ್ದೆ.

ಎಂಡೋಸ್ಕೋಪಿಯ ಬಗ್ಗೆ ದೂರುವುದಕ್ಕೆ ಏನೂ ಇಲ್ಲ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹಾಕಿ, ಎಡಮಗ್ಗುಲಿಗೆ ಮಲಗಿಸಿ, ವೈದ್ಯರು ಪ್ರತಿ ಹೆಜ್ಜೆಯನ್ನೂ ಮೊದಲೇ ಹೇಳುತ್ತ ಕೆಲವೇ ನಿಮಿಷಗಳಲ್ಲಿ ಮುಗಿಸಿದರು. ಜಠರದ ಕೆಳತುದಿಯಿಂದ ಅಕ್ಕಿನುಚ್ಚಿನಷ್ಟು ಚೂರು ತೆಗೆದು ಕಿಟ್‌ಗೆ ಹಾಕಿದರು. ಈ ಕಿಟ್ ಎಂದರೆ ಬೆರಳುದ್ದದ ಒಂದು ಪ್ಲಾಸ್ಟಿಕ್ ಪಟ್ಟಿ; ಅದರ ನಡುವಿನ ಸಣ್ಣ ಗುಳಿಯಲ್ಲಿ ಯೂರಿಯಾ ಮತ್ತು ಫಿನಾಲ್ ರೆಡ್ ಎಂಬ ಬಣ್ಣ ಬೆರೆತ ಹಳದಿ ಲೋಳೆ ಇರುತ್ತದೆ. ಚೂರಿನಲ್ಲಿ ಎಚ್. ಪೈಲೋರಿ ಇದ್ದರೆ ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಅಮೋನಿಯಾ ಕ್ಷಾರ, ಕ್ಷಾರ ತಾಗಿದ ಹಳದಿ ಕೆಂಪಾಗುತ್ತದೆ. ಅರಿಶಿನದ ನೀರಿಗೆ ಸುಣ್ಣ ಕದಡಿ ಕುರುದಿ ಮಾಡುವುದನ್ನು ಕಂಡ ನಮ್ಮ ಕಡೆಯವರಿಗೆ ಈ ರಸಾಯನವನ್ನು ಬೇರೆ ವಿವರಿಸಬೇಕಾಗಿಲ್ಲ. ನನ್ನ ಗುಳಿ ಹಳದಿಯಾಗಿಯೇ ಉಳಿಯಿತು. ಅರ್ಧ ಗಂಟೆಯೊಳಗೆ ವರದಿಗೆ ಸಹಿ ಬಿತ್ತು. ಬ್ಯಾಕ್ಟೀರಿಯಾ ಕಡಮೆಯಿದ್ದರೆ ಬಣ್ಣ ತಿರುಗಲು ಗಂಟೆಗಳೇ ಬೇಕಾಗಬಹುದೆಂದೂ, ಇಂಥ ಲೋಳೆಯ ಕಿಟ್‌ಗಳಲ್ಲಿ ಇಲ್ಲವೆಂದು ತೀರ್ಮಾನಿಸುವ ಮೊದಲು 24 ಗಂಟೆ ಕಾಯುವ ಪದ್ಧತಿಯಿದೆಯೆಂದೂ ನನಗೆ ತಿಳಿದದ್ದು ಆಮೇಲೆ.

ಮಾತ್ರೆಯಿಂದ ಪರೀಕ್ಷೆ ಏಕೆ ಹಾಳಾಗುತ್ತದೆ ಎಂಬುದು ತಿಳಿಯಬೇಕಾದರೆ, ಈ ಜೀವಿ ಹೊಟ್ಟೆಯ ಆಮ್ಲದಲ್ಲಿ ಹೇಗೆ ಬದುಕುತ್ತದೆ ಎಂಬುದನ್ನು ನೋಡಬೇಕು. ಊಟದ ನಡುವಿನ ಹೊತ್ತಿನಲ್ಲಿ ಜಠರದ ರಸದ ಪಿಎಚ್, ಅಂದರೆ ಆಮ್ಲತೆಯ ಅಳತೆ, 1ರಿಂದ 2ರ ಆಸುಪಾಸಿನಲ್ಲಿರುತ್ತದೆ. ಪಿಎಚ್ ಒಂದು ಅಂಕ ಇಳಿದರೆ ಆಮ್ಲತೆ ಹತ್ತು ಪಟ್ಟು ಏರುವುದರಿಂದ, ಪಿಎಚ್ 7ರ ಶುದ್ಧ ನೀರಿಗಿಂತ ಅದು ಲಕ್ಷದಿಂದ ಹತ್ತು ಲಕ್ಷ ಪಟ್ಟು ಹೆಚ್ಚು ಆಮ್ಲೀಯ. ಎಚ್. ಪೈಲೋರಿ ಆಮ್ಲವನ್ನು ಪ್ರೀತಿಸುವ ಜೀವಿಯೇನಲ್ಲ. ಅದಕ್ಕೆ ಬೇಕಾದದ್ದು ತಟಸ್ಥಕ್ಕೆ ಹತ್ತಿರದ ವಾತಾವರಣ, ಅದನ್ನು ತನ್ನ ಸುತ್ತಲೂ ತಾನೇ ಕಟ್ಟಿಕೊಳ್ಳುತ್ತದೆ. ಕಟ್ಟುವ ಸಾಧನ ಯೂರಿಯೇಸ್ ಎಂಬ ಕಿಣ್ವ. ಈ ಕಿಣ್ವದ ಒಡಲಲ್ಲಿ ನಿಕ್ಕಲ್ ಲೋಹವಿದೆ, ಬ್ಯಾಕ್ಟೀರಿಯಾದ ಒಟ್ಟು ಪ್ರೋಟೀನಿನಲ್ಲಿ ಶೇ. 10ರವರೆಗೂ ಇದೊಂದೇ ಇರುತ್ತದೆ. ರಕ್ತದಿಂದ ಜಠರಕ್ಕೆ ಸದಾ ಸ್ವಲ್ಪ ಸ್ವಲ್ಪ ಜಿನುಗುವ ಯೂರಿಯಾವನ್ನು ಅದು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಅಮೋನಿಯಾ ಒಳನುಗ್ಗುವ ಆಮ್ಲವನ್ನು ಹಿಡಿದುಕೊಳ್ಳುತ್ತದೆ, ಡೈಆಕ್ಸೈಡ್ ಇನ್ನೊಂದು ಕಿಣ್ವದ ಕೈಯಲ್ಲಿ ಬೈಕಾರ್ಬನೇಟ್ ಆಗಿ ಅದೇ ಕೆಲಸಕ್ಕೆ ಒದಗುತ್ತದೆ. ಹೀಗೆ ಹೊರಗೆ ಸುಡುವ ಆಮ್ಲವಿದ್ದರೂ ಬ್ಯಾಕ್ಟೀರಿಯಾದ ಎರಡು ಪೊರೆಗಳ ನಡುವಿನ ಪಿಎಚ್ 6ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಹಟ್ಟಿಯ ಬಾಗಿಲು ತೆರೆದಾಗ ಮೂಗಿಗೆ ಬಡಿಯುವ ವಾಸನೆಯೂ ಇದೇ ಅಮೋನಿಯಾದ್ದು. ಹಸುವಿನ ಗಂಜಲದ ಯೂರಿಯಾವನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಇದೇ ಕಿಣ್ವದಿಂದ ಒಡೆದಿರುತ್ತವೆ. ತೋಟಕ್ಕೆ ಹಾಕಿದ ಯೂರಿಯಾ ಗೊಬ್ಬರ ಮಣ್ಣಿನ ಮೇಲೆಯೇ ಉಳಿದರೆ ಗಾಳಿಗೆ ಹೋಗುವುದೂ ಹೀಗೆಯೇ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸಿದ್ದು ಯೂರಿಯಾ ಒಳಗೆ ಬರುವ ದಾರಿ. ಬ್ಯಾಕ್ಟೀರಿಯಾದ ಒಳಪೊರೆಯಲ್ಲಿ ಯೂರ್‌ಐ ಎಂಬ ಪ್ರೋಟೀನಿನ ಕಿಂಡಿಯಿದೆ. ಹೊರಗೆ ಆಮ್ಲ ಏರಿದಾಗ ಅದು ತೆರೆದುಕೊಳ್ಳುತ್ತದೆ, ತಟಸ್ಥವಾದಾಗ ಮುಚ್ಚಿಕೊಳ್ಳುತ್ತದೆ. ಆಮ್ಲವಿಲ್ಲದ ಹೊತ್ತಿನಲ್ಲಿಯೂ ಯೂರಿಯಾ ಎಗ್ಗಿಲ್ಲದೆ ಒಳಬಂದರೆ, ಉತ್ಪತ್ತಿಯಾದ ಅಮೋನಿಯಾದ ಕ್ಷಾರಕ್ಕೆ ಆ ಜೀವಿ ತಾನೇ ಬಲಿಯಾದೀತು. ತೋಟದ ತೋಡಿಗೆ ಹಲಗೆ ಇಟ್ಟು ತೆಗೆದು ನೀರು ತಿರುಗಿಸುವವನಿಗೆ ಈ ಲೆಕ್ಕಾಚಾರ ಬೇಗ ಹಿಡಿಸುತ್ತದೆ. ಇಷ್ಟಾದರೂ ಅದು ಆಮ್ಲದ ನಡುವೆ ಬಹಳ ಹೊತ್ತು ನಿಲ್ಲುವುದಿಲ್ಲ. ತಿರುಪಿನಂಥ ಮೈ ಮತ್ತು ಬಾಲದಂಥ ಕಶಗಳಿಂದ ಈಜಿ ಜಠರದ ಗೋಡೆಯ ಮೇಲಿನ ಲೋಳೆಯೊಳಗೆ ನುಸುಳುತ್ತದೆ. ಆಮ್ಲದಲ್ಲಿ ಗಟ್ಟಿಯಾಗಿರುವ ಆ ಲೋಳೆ ಅಮೋನಿಯಾ ತಾಗಿದಲ್ಲಿ ತೆಳುವಾಗಿ ದಾರಿ ಬಿಡುತ್ತದೆ, ಗೋಡೆಯ ಹತ್ತಿರ ತಲುಪಿದರೆ ಪಿಎಚ್ ತಟಸ್ಥಕ್ಕೆ ಸಮೀಪ.

ಈಗ ಗ್ಯಾಸ್ ಮಾತ್ರೆಯನ್ನು ಈ ಚಿತ್ರದೊಳಗೆ ಇಟ್ಟು ನೋಡಿ. ಮಾತ್ರೆ ಜಠರದ ಆಮ್ಲದ ಪಂಪುಗಳನ್ನು ಬಂದ್ ಮಾಡುತ್ತದೆ. ಆಗ ಜಠರದ ಕೆಳಭಾಗದಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಕುಗ್ಗುತ್ತದೆ, ಉಳಿದವು ಮೇಲ್ಭಾಗದತ್ತ ಸರಿಯುತ್ತವೆ, ಯೂರಿಯೇಸಿನ ಚಟುವಟಿಕೆಯೂ ತಗ್ಗುತ್ತದೆ. ಕೆಳಭಾಗದಿಂದ ಒಂದೇ ಚೂರು ತೆಗೆದು, ಅರ್ಧ ಗಂಟೆ ನೋಡಿ, ಹಳದಿ ಎಂದು ಬರೆದರೆ ಆ ಹಳದಿಗೆ ಅರ್ಥವೇ ಇಲ್ಲ. ಅದಕ್ಕಾಗಿಯೇ ಪರೀಕ್ಷೆಗೆ ಮುಂಚೆ ಈ ಮಾತ್ರೆಯನ್ನು ಎರಡು ವಾರ, ಆ್ಯಂಟಿಬಯೋಟಿಕ್ ಮತ್ತು ಬಿಸ್ಮತ್ ಔಷಧಗಳನ್ನು ನಾಲ್ಕು ವಾರ ನಿಲ್ಲಿಸಬೇಕೆಂಬ ನಿಯಮವಿದೆ. ಆ ನಿಯಮ ನನ್ನ ಚೀಟಿಯಲ್ಲಿಯೂ ಇತ್ತು, ಮಲಯಾಳದ ಆರನೆಯ ಸಾಲಿನಲ್ಲಿ. ಎರಡನೆಯ ಸಲ ಹೋಗುವ ಮುನ್ನ ನೆರೆಮನೆಯ ಕಾಲೇಜು ಹುಡುಗಿಯಿಂದ ಓದಿಸಿದಾಗ ಗೊತ್ತಾಯಿತು. ಉಪಯೋಗಕ್ಕೆ ಬಾರದ ವರದಿಗೆ ನಾನು ತೆತ್ತದ್ದು ಎಂಡೋಸ್ಕೋಪಿಯ ಪೂರ್ಣ ಶುಲ್ಕ ಮತ್ತು ಐದು ತಿಂಗಳ ಉರಿ. ಅದರಲ್ಲಿ ಒಂದು ಪಾಲು ತಪ್ಪು ನನ್ನದೂ ಹೌದು, ಓದಲು ಬಾರದ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡವನು ನಾನೇ.

ಎರಡನೆಯ ಸಲ ಹದಿನಾಲ್ಕು ದಿನ ಮಾತ್ರೆ ಬಿಟ್ಟು ಹೋದೆ. ಆ ದಿನಗಳನ್ನು ಹೇಗೆ ಕಳೆದೆನೆಂದು ಬರೆಯುವುದು ಬೇಡ. ವೈದ್ಯರಿಗೆ ವಿಷಯ ತಿಳಿಸಿದಾಗ ಅವರು ಸಬೂಬು ಹೇಳದೆ ಕ್ಷಮೆ ಕೇಳಿದರು, ಈ ಬಾರಿ ಕೆಳಭಾಗದಿಂದಲೂ ಮೇಲ್ಭಾಗದಿಂದಲೂ ಚೂರು ತೆಗೆದರು. ನರ್ಸ್ ಕಿಟ್ಟನ್ನು ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆಯೇ ಇಟ್ಟರು. ಮೊದಲು ಚೂರಿನ ಅಂಚಿನಲ್ಲಿ ಸೂಜಿಮೊನೆಯಷ್ಟು ಕೆಂಪು ಕಂಡಿತು, ಆಮೇಲೆ ಸುತ್ತಲೂ ಒಂದು ಉಂಗುರ, ಇಪ್ಪತ್ತು ನಿಮಿಷ ತುಂಬುವಷ್ಟರಲ್ಲಿ ಗುಳಿಯೆಲ್ಲ ದಾಸವಾಳದ ಬಣ್ಣ. ಹೊಟ್ಟೆಯೊಳಗೆ ಬದುಕುಳಿಯಲು ಮಾಡುತ್ತಿದ್ದ ಕೆಲಸವನ್ನೇ ಆ ಜೀವಿ ಹೊರಗೂ ಮಾಡಿ ತನ್ನನ್ನು ತಾನೇ ತೋರಿಸಿಕೊಟ್ಟಿತ್ತು. ಕೆಲವೇ ನೂರು ರೂಪಾಯಿಯ ಕಿಟ್‌ನಲ್ಲಿ ಇಷ್ಟು ಸ್ಪಷ್ಟವಾದ ಉತ್ತರ ಸಿಗುವುದಾದರೆ ಅದು ದುಬಾರಿಯಲ್ಲ.

ಆಮ್ಲದಲ್ಲಿ ಯಾವ ಜೀವಿಯೂ ಬದುಕಲಾರದೆಂಬ ಹಳೆಯ ನಂಬಿಕೆಯನ್ನು ಮುರಿದವರು ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್. 1982ರ ಈಸ್ಟರ್ ರಜೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳು ವಾಡಿಕೆಗಿಂತ ಹೆಚ್ಚು ದಿನ ಪ್ರಯೋಗಾಲಯದಲ್ಲೇ ಉಳಿದುದರಿಂದ ಈ ನಿಧಾನ ಬೆಳೆಯುವ ಜೀವಿ ಅವರ ಕಣ್ಣಿಗೆ ಬಿತ್ತು. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಲ್ಲಿಯೂ ಕೆಲಸ ಕೆಟ್ಟದ್ದು ಬೇಗ ನೋಡಿ ಎಸೆಯುವ ಅಭ್ಯಾಸದಿಂದ, ಕೂಡಿಬಂದದ್ದು ಕಾದದ್ದರಿಂದ ಎಂಬುದನ್ನು ಅರ್ಧ ಗಂಟೆಗೆ ಸಹಿ ಹಾಕುವವರು ಗಮನಿಸಬಹುದು.

ಹದಿನಾಲ್ಕು ದಿನಗಳ ಮದ್ದು ಮುಗಿಸಿ, ನಾಲ್ಕು ವಾರಕ್ಕೂ ಹೆಚ್ಚು ಕಾದು, ಬ್ಯಾಕ್ಟೀರಿಯಾ ಹೋಯಿತೇ ಎಂದು ನೋಡಲು ಉಸಿರಿನ ಪರೀಕ್ಷೆಗೆ ಮಂಗಳೂರಿಗೆ ಹೋಗಬೇಕಾಯಿತು, ಏಕೆಂದರೆ ನಾನು ಹೋಗುತ್ತಿದ್ದ ಕೇಂದ್ರದಲ್ಲಿ ಆ ಸೌಲಭ್ಯವಿಲ್ಲ. ಚೀಲಕ್ಕೆ ಒಮ್ಮೆ ಊದಿ, ಭಾರವಾದ ಇಂಗಾಲವಿರುವ ಯೂರಿಯಾವನ್ನು ಹುಳಿ ಪಾನಕದಲ್ಲಿ ಕುಡಿದು, ಅರ್ಧ ಗಂಟೆ ಕೂತು ಮತ್ತೊಮ್ಮೆ ಊದುವುದು, ಅಷ್ಟೇ. ಬ್ಯಾಕ್ಟೀರಿಯಾ ಉಳಿದಿದ್ದರೆ ಅದು ಒಡೆದ ಯೂರಿಯಾದ ಆ ಇಂಗಾಲ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಸಿಗುತ್ತದೆ. ಪಾನಕಕ್ಕೆ ಹುಳಿ ಏಕೆಂದು ಅಲ್ಲಿ ಕೇಳಲಿಲ್ಲ, ಯೂರ್‌ಐ ಕಿಂಡಿಯನ್ನು ತೆರೆಸಲೆಂದು ಮನಸ್ಸಿನಲ್ಲೇ ಉತ್ತರ ಹೇಳಿಕೊಂಡೆ. ಫಲಿತಾಂಶ ನೆಗೆಟಿವ್ ಬಂತು. ನಳಿಕೆ ನುಂಗಲು ಹೆದರುವವರಿಗೆ ಈ ಪರೀಕ್ಷೆ ಹಿತವಾದದ್ದು, ಆದರೆ ಹುಣ್ಣು ಇದೆಯೇ ಎಂದು ಇದು ತಿಳಿಸುವುದಿಲ್ಲ. ಇಲ್ಲಿಯೂ ಗ್ಯಾಸ್ ಮಾತ್ರೆಯ ಎರಡು ವಾರದ ನಿಯಮ ಹಾಗೆಯೇ ಇದೆ.

ಕಾಸರಗೋಡಿನ ಆ ಕೇಂದ್ರಕ್ಕೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಕಳೆದ ಎರಡೂ ಅಂಕ ಚೀಟಿಗೆ ಮತ್ತು ಅವಸರಕ್ಕೆ ಸೇರಿದವು. ಕೊನೆಯ ಭೇಟಿಯಲ್ಲಿ ಆ ಸೂಚನೆಗಳನ್ನು ಕನ್ನಡದಲ್ಲಿ ಬರೆದು, ಮಾತ್ರೆಯ ಸಾಲನ್ನು ಮೊದಲಿಗಿಟ್ಟು, ಸ್ವಾಗತದ ಮೇಜಿನಲ್ಲಿ ಕೊಟ್ಟು ಬಂದಿದ್ದೆ. ಈಚೆಗೆ ಅಣ್ಣನ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಅವನ ಕೈಗೆ ಬಂದದ್ದು ಹಳೆಯ ಮಲಯಾಳದ ಚೀಟಿಯೇ. ಆದರೆ ಚೀಟಿ ಕೊಡುವ ಮುಂಚೆ ಹುಡುಗಿ ತಲೆಯೆತ್ತಿ ಕೇಳಿದಳು, ಗ್ಯಾಸಿನ ಮಾತ್ರೆ ತಿನ್ನುತ್ತೀರಾ, ಎಷ್ಟು ದಿನದಿಂದ ಎಂದು.