ಪೋರ್ಟ್‌ಲ್ಯಾಂಡ್ ಚಾರ್ಟರ್ ಕಮಿಷನ್: ಸಂಬಳವಿಲ್ಲದ ಕುರ್ಚಿ, ಆದರೆ ತೂಕವಿದೆ

ಆಡಳಿತ ಸುಧಾರಣೆಯ ಸಮಿತಿ ಎಂದರೆ ವರದಿ ಬರೆದು ಕಪಾಟಿಗೆ ಸೇರಿಸುವುದು ಎಂಬ ಮಾತಿದೆ. ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದ ಚಾರ್ಟರ್ ಕಮಿಷನ್‌ಗೆ ಆ ಮಾತು ಸಲ್ಲದು. ಚಾರ್ಟರ್ ಅಂದರೆ ನಗರದ ಸಂವಿಧಾನ. ಕನಿಷ್ಠ 10 ವರ್ಷಕ್ಕೊಮ್ಮೆ 20 ಮಂದಿ ನಾಗರಿಕರು ಕೂತು ಅದನ್ನು ಪರಿಶೀಲಿಸಬೇಕೆಂದು ಅದರಲ್ಲೇ ಬರೆದಿದೆ. 15 ಸದಸ್ಯರು ಒಪ್ಪಿದರೆ ತಿದ್ದುಪಡಿ ನೇರವಾಗಿ ಮತದಾರರ ಮುಂದೆ ಹೋಗುತ್ತದೆ, ಸಿಟಿ ಕೌನ್ಸಿಲ್ ತಡೆಯುವಂತಿಲ್ಲ. 11ರಿಂದ 14 ಮತ ಬಂದರೆ ಅದು ಕೌನ್ಸಿಲ್‌ಗೆ ಬರೀ ಶಿಫಾರಸು. ಹನ್ನೊಂದನ್ನು ಹದಿನೈದು ಮಾಡುವ ಆ ನಾಲ್ಕು ಮತಗಳಲ್ಲೇ ಈ ಹುದ್ದೆಯ ಜೀವವಿದೆ.

ಫಲ ಕಣ್ಣೆದುರೇ ಇದೆ. 2022ರ ಜೂನ್‌ನಲ್ಲಿ ಕಮಿಷನ್ 17–3ರಿಂದ ಒಪ್ಪಿದ ಕರಡನ್ನು ನವೆಂಬರ್‌ನಲ್ಲಿ ಶೇ 58ರಷ್ಟು ಮತದಾರರು ಎತ್ತಿಹಿಡಿದರು. ಗೆದ್ದು ಬಂದವರೇ ಒಂದೊಂದು ಇಲಾಖೆ ನಡೆಸುವ 1913ರ ಪದ್ಧತಿ ಮುಗಿಯಿತು. ಈಗ ಕೌನ್ಸಿಲ್‌ಗೆ 4 ಕ್ಷೇತ್ರಗಳಿಂದ ತಲಾ 3ರಂತೆ 12 ಸದಸ್ಯರು. ಇಲಾಖೆಗಳ ದಿನನಿತ್ಯದ ಹೊಣೆ ಸಿಟಿ ಅಡ್ಮಿನಿಸ್ಟ್ರೇಟರ್ ಎಂಬ ನೇಮಕಗೊಂಡ ಆಡಳಿತಾಧಿಕಾರಿಯದು.

ಸೇರುವವರು ಮೊದಲು ಕಲಿಯಬೇಕಾದ್ದು ಸಾರ್ವಜನಿಕ ಸಭೆಗಳ ಕಾನೂನು. 20ರಲ್ಲಿ 11 ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಸಂಖ್ಯೆ. ಕರಡಿನ ಬಗ್ಗೆ ಒಂದು ಇಮೇಲ್‌ಗೆ 'ಎಲ್ಲರಿಗೂ ಉತ್ತರಿಸಿ' ಒತ್ತುತ್ತಾ 11 ಮಂದಿ ಚರ್ಚೆಗಿಳಿದರೆ ಅದೇ ಸಭೆಯಾಗಿಬಿಡುತ್ತದೆ, ಅದೂ ನೋಟಿಸ್ ಇಲ್ಲದ ಸಭೆ. ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ ಅಭಿಪ್ರಾಯ ಕೂಡಿಹಾಕಿದರೂ ತಪ್ಪು ತಪ್ಪೇ. ಸ್ವಂತ ಫೋನಿನಿಂದ ಕಳಿಸಿದ ಸಂದೇಶವೂ ಸಾರ್ವಜನಿಕ ದಾಖಲೆಯಾಗಬಹುದು. ಕಮಿಷನ್ ಕೆಲಸಕ್ಕೆ ಬೇರೆಯೇ ಇಮೇಲ್ ಇಟ್ಟುಕೊಳ್ಳುವುದು ಕ್ಷೇಮ.

ಎರಡನೆಯದು ಕೌನ್ಸಿಲ್ ಚುನಾವಣೆಯ ಮತ ಎಣಿಕೆಯ ಲೆಕ್ಕ. ಹೊಸ ಪದ್ಧತಿಯಲ್ಲಿ ಮತದಾರರು ಅಭ್ಯರ್ಥಿಗಳಿಗೆ ಮೊದಲ, ಎರಡನೆಯ, ಮೂರನೆಯ ಆಯ್ಕೆ ಎಂದು ಕ್ರಮ ಕೊಡುತ್ತಾರೆ. ಮೂರು ಸ್ಥಾನದ ಕ್ಷೇತ್ರದಲ್ಲಿ ಗೆಲ್ಲಲು ಶೇ 25ಕ್ಕಿಂತ ಒಂದು ಮತ ಹೆಚ್ಚು ಸಾಕು. 40,000 ಸಿಂಧು ಮತಗಳಿದ್ದರೆ ಗೆಲುವಿನ ಗೆರೆ 10,001. ಅದಕ್ಕಿಂತ ಹೆಚ್ಚಿಗೆ ಬಂದದ್ದು ವ್ಯರ್ಥವಾಗುವುದಿಲ್ಲ. ಆ ಮತಪತ್ರಗಳ ಮುಂದಿನ ಆಯ್ಕೆಗೆ ಭಾಗಾಂಶವಾಗಿ ಹಂಚಿಹೋಗುತ್ತದೆ. ಇದನ್ನು ಹಾಳೆಯ ಮೇಲೆ ಬಿಡಿಸಿ ತೋರಿಸಲು ಬಾರದ ಸದಸ್ಯರು ಸಾರ್ವಜನಿಕ ವಿಚಾರಣೆಯಲ್ಲಿ ತಡವರಿಸುತ್ತಾರೆ, ಕೇಳಲು ಬಂದವರ ನಂಬಿಕೆ ಅಲ್ಲೇ ಕುಸಿಯುತ್ತದೆ.

ಕೊರತೆಗಳೂ ಇವೆ. ಕ್ಷೇತ್ರ, ಮತದಾನ ಪದ್ಧತಿ, ಆಡಳಿತಾಧಿಕಾರಿ ಮೂರನ್ನೂ ಮತಪತ್ರದಲ್ಲಿ ಒಂದೇ ಪ್ರಶ್ನೆಯಾಗಿ ಕಟ್ಟಿದ್ದು ಕೋರ್ಟಿನವರೆಗೂ ಹೋಯಿತು. ಪ್ರಶ್ನೆ ಉಳಿದುಕೊಂಡಿತು ನಿಜ, ಆದರೆ ಒಂದು ಬೇಕು ಇನ್ನೊಂದು ಬೇಡ ಎನ್ನುವ ಮತದಾರನಿಗೆ ದಾರಿಯೇ ಇರಲಿಲ್ಲ. ಅದಕ್ಕಿಂತ ನನ್ನನ್ನು ಕಾಡುವುದು 12 ಎಂಬ ಸರಿಸಂಖ್ಯೆ. 2025ರ ಜನವರಿಯಲ್ಲಿ ಹೊಸ ಕೌನ್ಸಿಲ್ ತನ್ನ ಅಧ್ಯಕ್ಷರನ್ನು ಆರಿಸಲು ಕೂತಾಗ 6–6ರಲ್ಲಿ ಸಿಕ್ಕಿಕೊಂಡು ಸುತ್ತಿನ ಮೇಲೆ ಸುತ್ತು ಮತ ಹಾಕಬೇಕಾಯಿತು. ಕರಡಿಗೆ ಕೈ ಎತ್ತುವ ಮುನ್ನ ಪ್ರತಿ ಕಲಮಿನ ಪಕ್ಕ 'ಇಲ್ಲಿ ಸಮ ಬಂದರೆ?' ಎಂದು ಬರೆದು, ಉತ್ತರ ಸಿಗದ ಕಲಮನ್ನು ವಾಪಸ್ ಕಳಿಸಿ.